ರೇಸ್‌ಗೆ ಮುಂಚೆ ಎನರ್ಜಿ ಡ್ರಿಂಕ್ ಕುಡಿದ್ರೆ ಟೈಮಿಂಗ್ ಸುಧಾರಿಸುತ್ತಾ?

ಓಡೋಣ_ಬಾ:
ಇನ್ನು ಮೂರು ವಾರಕ್ಕೆ 10 ಕಿ.ಮೀ. ರೇಸ್ ಇದೆ, ಈಗ 58 ನಿಮಿಷ ಹಿಡೀತಿದೆ, 55ರೊಳಗೆ ಮುಗಿಸ್ಬೇಕು ಅಂತ ಆಸೆ. ಜೊತೆಗೆ ಓಡೋ ಒಬ್ಬ ಯಾವಾಗ್ಲೂ ಸ್ಟಾರ್ಟಿಗೆ ಮುಂಚೆ ಒಂದು ಕ್ಯಾನ್ ಇಳಿಸ್ತಾನೆ, ಟಾರಿನ್ ಇದೆ, ಬಿ ವಿಟಮಿನ್ ಇದೆ, ಸ್ಟ್ಯಾಮಿನಾ ಬರುತ್ತೆ ಅಂತಾನೆ. ನಾನೂ ಮೊನ್ನೆ ಟ್ರೈ ಮಾಡ್ದೆ, ಕುಡಿದು ಐದೇ ನಿಮಿಷಕ್ಕೆ ಓಡೋಕೆ ಶುರು ಮಾಡ್ದೆ, ನಾಲ್ಕನೇ ಕಿಲೋಮೀಟರಿಗೆ ಹೊಟ್ಟೆಯೊಳಗೆ ಗುಡುಗುಡು ಶುರುವಾಗಿ ನಡ್ಕೊಂಡೇ ವಾಪಸ್ ಬಂದೆ. ನಾನೇನಾದ್ರೂ ತಪ್ಪು ಮಾಡಿದ್ನಾ ಅಥವಾ ಇದೆಲ್ಲ ಬರೀ ಜಾಹೀರಾತಾ?

ಹಳೇ_ಶೂ:
ಪೂರ್ತಿ ಸುಳ್ಳೂ ಅಲ್ಲ. ಅದ್ರಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಕೆಫೀನ್. ದಣಿವಿನ ಸಂದೇಶ ಕೊಡೋ ಅಡಿನೋಸಿನ್ ಅಂತ ಒಂದಿದೆಯಲ್ಲ, ಮೆದುಳಲ್ಲಿ ಅದು ಕೂರೋ ಜಾಗದಲ್ಲಿ ಕೆಫೀನ್ ಹೋಗಿ ಕೂತ್ಕೊಳ್ಳುತ್ತೆ, ಹಾಗಾಗಿ ಅದೇ ಸ್ಪೀಡು ಸ್ವಲ್ಪ ಹಗುರ ಅನ್ಸುತ್ತೆ, ಕಾಲಲ್ಲೇನೂ ಹೊಸ ಶಕ್ತಿ ಹುಟ್ಟಲ್ಲ. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಕೊಡೋದು ತೂಕದ ಪ್ರತಿ ಕೆಜಿಗೆ 3ರಿಂದ 6 ಮಿಲಿಗ್ರಾಂ, ಅದೂ ಓಟಕ್ಕೆ ಸುಮಾರು ಒಂದು ಗಂಟೆ ಮುಂಚೆ. ನೀವು ಐದು ನಿಮಿಷ ಅಂತೀರಿ, ಅದಿನ್ನೂ ಹೊಟ್ಟೇಲೇ ಇತ್ತು ಬಿಡಿ! ಟಾರಿನ್ನು ನಮ್ಮ ದೇಹವೇ ತಯಾರಿಸ್ಕೊಳ್ಳುತ್ತೆ, ಬಿ ವಿಟಮಿನ್ ಕೊರತೆ ಇಲ್ದೇ ಇರೋರಿಗೆ ಎಕ್ಸ್ಟ್ರಾ ಕುಡಿದು ಏನೂ ಬರಲ್ಲ.

ನೀರೇ_ಸಾಕು:
ಹೊಟ್ಟೆ ವಿಷ್ಯಕ್ಕೆ ಬಂದ್ರೆ, ಸಾಮಾನ್ಯ 250 ಮಿ.ಲೀ. ಕ್ಯಾನಲ್ಲಿ 27 ಗ್ರಾಂ ಹತ್ರ ಸಕ್ಕರೆ, ಅಂದ್ರೆ ಸುಮಾರು 11 ಪರ್ಸೆಂಟು, ಮೇಲೆ ಗ್ಯಾಸ್ ಬೇರೆ. ಓಡುವಾಗ ಕುಡಿಯೋ ಸ್ಪೋರ್ಟ್ಸ್ ಡ್ರಿಂಕಲ್ಲಿ 6ರಿಂದ 8 ಪರ್ಸೆಂಟ್ ಇರುತ್ತೆ, ಜೊತೆಗೆ ಉಪ್ಪಿನಂಶ. ಎರಡನ್ನೂ ಒಂದೇ ಅನ್ಕೊಳ್ಳೋರು ತುಂಬಾ ಜನ, ನಾನೂ ವರ್ಷಗಟ್ಟಲೆ ಹಾಗೇ ಅನ್ಕೊಂಡಿದ್ದೆ. ಒಂದು ಗಂಟೆಯೊಳಗಿನ ಓಟಕ್ಕೆ, ಮೊದಲೇ ಸರಿಯಾಗಿ ತಿಂದಿದ್ರೆ, ಎರಡೂ ಬೇಕಾಗಲ್ಲ.

ಓಡೋಣ_ಬಾ:
ನನ್ನ ತೂಕ 62. ಕೆಜಿಗೆ 3 ಅಂದ್ರೂ 186 ಮಿಲಿಗ್ರಾಂ ಆಯ್ತು, ನನ್ನ ಕ್ಯಾನ್ ಮೇಲೆ ಬರ್ದಿರೋದು 80. ಎರಡು ಕ್ಯಾನ್ ಮೇಲೆ ಕುಡೀಬೇಕಾ?! ಅಷ್ಟು ಕುಡಿದ್ರೆ ಫಿನಿಶ್ ಲೈನ್ ಅಲ್ಲ, ಟಾಯ್ಲೆಟ್ ಹುಡುಕ್ಬೇಕಾಗುತ್ತೆ. ಮತ್ತೆ ಇದು ಡೋಪಿಂಗಲ್ಲಿ ಬರಲ್ವಾ?

ಹಳೇ_ಶೂ:
ಅಯ್ಯೋ ಬೇಡ ಮಾರಾಯ್ರೆ. ಕೆಫೀನೇ ಬೇಕು ಅಂದ್ರೆ ಒಂದು ಲೋಟ ಕಾಫಿ ಕುಡೀರಿ, ಸಕ್ಕರೆ ಹೊರೆ ಇರಲ್ಲ. ಕಮ್ಮೀಲೇ ಶುರು ಮಾಡಿ, ಕೆಲವರಿಗೆ 3ಕ್ಕಿಂತ ಕಮ್ಮಿಗೂ ಪರಿಣಾಮ ಗೊತ್ತಾಗುತ್ತೆ. ಡೋಪಿಂಗ್ ಭಯ ಬೇಡ, ವಾಡಾ, ಅಂದ್ರೆ ಡೋಪಿಂಗ್ ತಡೆಯೋ ಜಾಗತಿಕ ಸಂಸ್ಥೆ, 2004ರಲ್ಲೇ ಕೆಫೀನನ್ನ ನಿಷೇಧದ ಪಟ್ಟಿಯಿಂದ ತೆಗ್ದಿದೆ, ಈಗ ಬರೀ ಕಣ್ಣಿಟ್ಟಿದೆ ಅಷ್ಟೆ.

ಸಂಜೆ_ಶಟಲ್:
ನಿದ್ದೆ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಮ್ಯಾಚ್ ಇದೆ ಅಂತ ಸಂಜೆ ಆರಕ್ಕೆ ಒಂದು ದೊಡ್ಡ ಕ್ಯಾನ್ ಕುಡಿದೆ, ರಾತ್ರಿ ಎರಡಾದ್ರೂ ಫ್ಯಾನ್ ನೋಡ್ತಾ ಮಲಗಿದ್ದೆ, ಮಾರನೇ ದಿನದ ಆಟ ಕೇಳ್ಲೇಬೇಡಿ. ರಕ್ತದಲ್ಲಿರೋ ಕೆಫೀನ್ ಅರ್ಧಕ್ಕಿಳಿಯೋಕೇ ಸುಮಾರು ಐದು ಗಂಟೆ ಬೇಕು. ನಿಮ್ಮ ರೇಸ್ ಬೆಳಿಗ್ಗೆ ಇದ್ರೆ ಬಚಾವ್. ಎದೆ ಡವಡವ ಅಂದ್ರೆ ಮಾತ್ರ ಹಠ ಮಾಡ್ದೆ ಬಿಟ್ಬಿಡಿ, ಡಾಕ್ಟರಿಗೂ ಒಂದ್ಸಲ ತೋರಿಸಿ.

ಓಡೋಣ_ಬಾ:
ಬೆಳಿಗ್ಗೆ ಆರೂವರೆಗೆ ರೇಸು. ಈ ಭಾನುವಾರ ಐದೂವರೆಗೆ ಒಂದು ಲೋಟ ಕಾಫಿ ಕುಡಿದು ಓಡಿ ನೋಡ್ತೀನಿ, ಹೊಟ್ಟೆ ಏನನ್ನುತ್ತೆ ಅಂತ ಇಲ್ಲೇ ಬಂದು ಹೇಳ್ತೀನಿ.