ತಲೆ ನೋಯದೆಯೂ ಮೈಗ್ರೇನ್ ಬರಬಹುದೇ?

ಪ್ರಶ್ನೆ: ಗಣಿತದ ಮೇಡಂ, ಶಿರಸಿ

ನನಗೆ 41 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ಮಂಗಳವಾರ ಮೂರನೆಯ ಪೀರಿಯಡ್‌ನಲ್ಲಿ ಹಲಗೆಯ ಮೇಲೆ 3481 ಎಂದು ಬರೆದು ವರ್ಗಮೂಲ ತೆಗೆಯಲು ಹೊರಟವಳಿಗೆ ಕೊನೆಯ ಎರಡು ಅಂಕೆಗಳು ಕಾಣಲಿಲ್ಲ. ಅಳಿಸಿದ ಹಾಗಲ್ಲ, ಆ ಜಾಗದಲ್ಲಿ ಹಲಗೆಯೂ ಇರಲಿಲ್ಲ. 81ರ ಮೇಲೇ ಕಣ್ಣು ನೆಟ್ಟರೆ ಅದು ಕಾಣುತ್ತಿತ್ತು, ಅದರ ಬಲಕ್ಕಿದ್ದದ್ದು ಮಾಯವಾಗುತ್ತಿತ್ತು. ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕುಳಿತೆ. ಅಷ್ಟರಲ್ಲಿ ಆ ಖಾಲಿ ಜಾಗದ ಅಂಚಿಗೆ ಗರಗಸದ ಹಲ್ಲುಗಳಂಥ ಬೆಳಕಿನ ಗೆರೆ ಹುಟ್ಟಿ, ಕುಡುಗೋಲಿನಂತೆ ಬಾಗಿ, ಮಿನುಗುತ್ತ ದೊಡ್ಡದಾಗುತ್ತ ಹೋಯಿತು. ಎಡಗಣ್ಣು ಮುಚ್ಚಿದೆ, ಬಲಗಣ್ಣು ಮುಚ್ಚಿದೆ, ಎರಡನ್ನೂ ಮುಚ್ಚಿದೆ. ಆಗಲೂ ಅದು ಅಲ್ಲೇ ಇತ್ತು. ಬಲಗೈ ಬೆರಳುಗಳಲ್ಲಿ ಜುಮು ಹಿಡಿದು, ನಿಧಾನವಾಗಿ ಮೇಲೇರಿ ತುಟಿಯ ಮೂಲೆಗೆ ಬಂತು. ಗೋಡೆ ಗಡಿಯಾರದಲ್ಲಿ ನೋಡಿಕೊಂಡಿದ್ದೆ, ಒಟ್ಟು 35 ನಿಮಿಷ. ಆಮೇಲೆ ಎಲ್ಲವೂ ಸರಿಹೋಯಿತು. ತಲೆ ಸ್ವಲ್ಪ ಭಾರವಾಗಿತ್ತೇ ಹೊರತು ನೋವಿರಲಿಲ್ಲ.

ಹಿಂದಿನ ದಿನವಿಡೀ ಆಕಳಿಕೆ, ಕುತ್ತಿಗೆ ಬಿಗಿತ. ಬೆಲ್ಲದ ಡಬ್ಬಿಯ ಮುಚ್ಚಳ ಎಷ್ಟು ಸಲ ತೆಗೆದೆನೋ. ಕಣ್ಣಿನ ವೈದ್ಯರು ಕಣ್ಣಿನಲ್ಲಿ ತೊಂದರೆಯೇನೂ ಇಲ್ಲ, ಇದು ಮೈಗ್ರೇನ್ ಇರಬಹುದು ಎಂದರು. ನೋವೇ ಇಲ್ಲದೆ ಅದು ಹೇಗೆ ಮೈಗ್ರೇನ್ ಆಗುತ್ತದೆ? ಇದು ಪಾರ್ಶ್ವವಾಯುವಿನ ಮುನ್ಸೂಚನೆಯೇನೋ ಎಂದು ಮನೆಯವರು ಹೆದರಿದ್ದಾರೆ. ನನಗೂ ಎರಡು ರಾತ್ರಿ ನಿದ್ದೆಯಿಲ್ಲ.

ಉತ್ತರ 1: ಕರಡು ತಿದ್ದುವವಳು, ಮೈಸೂರು

ಮೇಡಂ, ಮೊದಲು ನರರೋಗ ತಜ್ಞರನ್ನು ಕಾಣಿ. ಇಂಥದ್ದು ಮೊದಲ ಸಲ ಬಂದಾಗ ಬೇರೆ ಕಾರಣವಿಲ್ಲ ಎಂದು ಅವರೇ ಖಚಿತಪಡಿಸಬೇಕು. ಇಷ್ಟು ಹೇಳಿದ ಮೇಲೆ, ನೀವು ಬರೆದದ್ದನ್ನು ಓದುತ್ತ ನನ್ನದೇ ದಿನಚರಿ ಓದಿದಂತಾಯಿತು ಎಂಬುದನ್ನೂ ಹೇಳುತ್ತೇನೆ.

ನನಗಿದು 19 ವರ್ಷಗಳಿಂದ ಇದೆ. ಆ ಬೆಳಕಿನ ಗೆರೆಗೆ ವೈದ್ಯರು ಔರಾ ಎನ್ನುತ್ತಾರೆ. ಮಿದುಳಿನ ಹಿಂಭಾಗದಲ್ಲಿ ನರಕೋಶಗಳ ಚಟುವಟಿಕೆಯ ಅಲೆಯೊಂದು ಎದ್ದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಡುತ್ತದೆ, ಅದರ ಹಿಂದೆಯೇ ಆ ಭಾಗ ಸ್ತಬ್ಧವಾಗುತ್ತದೆ. ಅದಕ್ಕೇ ಗೆರೆಯೂ ನಿಧಾನ, ಜುಮು ಏರುವುದೂ ನಿಧಾನ. ಮೂಲ ಮಿದುಳಿನಲ್ಲಿ ಇರುವುದರಿಂದಲೇ ಯಾವ ಕಣ್ಣು ಮುಚ್ಚಿದರೂ ಅದು ಹೋಗಲಿಲ್ಲ. ಸಾಮಾನ್ಯವಾಗಿ ಒಂದೊಂದು ಲಕ್ಷಣವೂ 5ರಿಂದ 60 ನಿಮಿಷ ಇರುತ್ತದೆ, ಕೆಲವರಿಗೆ ಅದರ ನಂತರ ನೋವು ಬರುವುದೇ ಇಲ್ಲ. ಇಂಗ್ಲೆಂಡಿನ ಹ್ಯೂಬರ್ಟ್ ಏರಿ ಎಂಬ ವೈದ್ಯರು 1870ರಲ್ಲಿ ತಮಗೆ ಕಂಡ ಗೆರೆಯನ್ನು ಹಂತಹಂತವಾಗಿ ಚಿತ್ರಿಸಿ ಪ್ರಕಟಿಸಿದ್ದರು. ಆ ಚಿತ್ರ ನೋಡಿದ ದಿನ ನಾನು ಅತ್ತಿದ್ದೆ. ಅಷ್ಟು ವರ್ಷ ನನ್ನೊಬ್ಬಳಿಗೇ ಕಾಣುತ್ತದೆ ಎಂದುಕೊಂಡಿದ್ದದ್ದು ಅಲ್ಲಿ ಕಾಗದದ ಮೇಲಿತ್ತು.

ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಎಲ್ಲವೂ ಒಮ್ಮೆಲೇ ಆಗುತ್ತದೆ: ಕೈ ಬಿದ್ದುಹೋಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹಾಗಾದರೆ, ಅಥವಾ ಸಿಡಿಲು ಬಡಿದಂತೆ ತಲೆನೋವು ಬಂದರೆ, ಮನೆಯಲ್ಲಿ ಕೂತು ಯೋಚಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಔರಾ ಇರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಗಳಿಂದ ಅಪಾಯ ಹೆಚ್ಚು.

ನನ್ನನ್ನು ಆರು ವರ್ಷ ಸೈನಸ್ ಎಂದೇ ನಡೆಸಿಕೊಂಡರು. ತಪ್ಪು ಅವರದಷ್ಟೇ ಅಲ್ಲ. ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದು ನಾನೇ ಮೊದಲು ಹೇಳುತ್ತಿದ್ದೆ. ಮೈಗ್ರೇನ್‌ನಲ್ಲೂ ಅವು ಬರುತ್ತವೆ. ಬಾಚಣಿಗೆ ತಾಗಿದರೆ ನೆತ್ತಿ ಉರಿಯುತ್ತಿತ್ತು, ಪಕ್ಕದ ಮನೆಯ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಇವನ್ನು ಹೇಳಲೇ ಇಲ್ಲ. ತಲೆನೋವಿಗೂ ಅವಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಒಮ್ಮೆ ಮಗನಿಗೆ ‘ಕೀಲಿಕೈ ಕೊಡು’ ಎನ್ನಲು ಹೋಗಿ ‘ಕೊಡೆ ಕೊಡು’ ಎಂದೆ, ಮೂರು ಸಲ. ಅದನ್ನಂತೂ ಯಾರಿಗೂ ಹೇಳಲು ಧೈರ್ಯವಾಗಲಿಲ್ಲ. ದಿನವೆಲ್ಲ ಅಕ್ಷರಗಳ ನಡುವೆಯೇ ಬದುಕುವವಳಿಗೆ ಮಾತು ಕೈಕೊಡುವುದು ಎಷ್ಟು ದೊಡ್ಡ ಭಯ ಎಂದು ನಿಮಗೆ ಅರ್ಥವಾಗುತ್ತದೆ.

ಆಕಳಿಕೆ, ಕುತ್ತಿಗೆ ಬಿಗಿತ, ಬೆಲ್ಲದ ಆಸೆ ಇವೆಲ್ಲ ದಾಳಿ ಶುರುವಾಗಿದೆ ಎಂಬುದರ ಗುರುತುಗಳು, ಒಂದೆರಡು ದಿನ ಮೊದಲೇ ಬರಬಹುದು. ಒಂದು ನೋಟ್‌ಬುಕ್ ಇಟ್ಟು ಹೊತ್ತಿನ ಸಮೇತ ಬರೆಯಿರಿ. ನನ್ನ ಕಾಯಿಲೆ ಕೊನೆಗೆ ಗೊತ್ತಾದದ್ದು ಅಂಥ ಒಂದು ನೋಟ್‌ಬುಕ್ಕಿನಿಂದ.

ಉತ್ತರ 2: ಒಬ್ಬ ತಂದೆ, ಹುಬ್ಬಳ್ಳಿ

ನನ್ನ ಮಗಳಿಗೆ ಏಳನೆಯ ವಯಸ್ಸಿನಲ್ಲಿ ತಿಂಗಳಿಗೊಮ್ಮೆ ಹೊಕ್ಕುಳ ಸುತ್ತ ನೋವು, ಮುಖ ಬಿಳಿಚಿಕೊಳ್ಳುವುದು, ವಾಂತಿ. ಮರುದಿನ ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದಳು. ಜಂತುಹುಳದ ಔಷಧ ಕೊಟ್ಟೆವು, ಸ್ಕ್ಯಾನಿಂಗ್ ಮಾಡಿಸಿದೆವು. ಶಾಲೆ ತಪ್ಪಿಸಲು ನಾಟಕ ಎಂದು ಗದರಿಸಿದ್ದೂ ಉಂಟು. ಅದು ಈಗಲೂ ನನ್ನನ್ನು ಕಾಡುತ್ತದೆ. ಮಕ್ಕಳ ವೈದ್ಯರು ಇದು ಹೊಟ್ಟೆಯ ಮೈಗ್ರೇನ್ ಎಂದರು. ಅವರು ಕೇಳಿದ ಮೊದಲ ಪ್ರಶ್ನೆ, ತಾಯಿಗೆ ತಲೆನೋವು ಬರುತ್ತದೆಯೇ ಎಂಬುದು. ಬರುತ್ತಿತ್ತು. ಮೇಡಂ, ನಿಮ್ಮ ತರಗತಿಯಲ್ಲೂ ಇಂಥ ಮಗು ಇದ್ದರೆ ಗಮನಿಸಿ.

ಉತ್ತರ 3: ಔಷಧದಂಗಡಿಯವನು, ದಾವಣಗೆರೆ

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ ಸುಮಾರು 25. ನನ್ನ ಗಲ್ಲೆಯ ಮುಂದೆ ನಿಲ್ಲುವವರನ್ನು ನೋಡಿದರೆ ಅದು ಹೆಚ್ಚೇನಲ್ಲ. ಆದರೆ ‘ಮೈಗ್ರೇನ್’ ಎಂದು ಕೇಳಿ ಬರುವವರು ಕಡಿಮೆ. ಗ್ಯಾಸು, ಪಿತ್ತ, ತಲೆಸುತ್ತು ಎನ್ನುತ್ತಾರೆ. ನೋವಿನ ಮಾತ್ರೆ ಒಯ್ಯುವವರಿಗೆಲ್ಲ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ತಿಂಗಳಲ್ಲಿ 15 ದಿನ ಸಾಧಾರಣ ನೋವಿನ ಮಾತ್ರೆ ನುಂಗುತ್ತ ಹೋದರೆ, ಕೆಲವು ಬಗೆಯ ಮಾತ್ರೆಗಳಾದರೆ 10 ದಿನಕ್ಕೇ, ಮಾತ್ರೆಯಿಂದಲೇ ತಲೆನೋವು ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಗುರುವಾರ ಹುಬ್ಬಳ್ಳಿಗೆ ಹೋಗಿ ಬಂದೆ. ತಜ್ಞರು ಸ್ಕ್ಯಾನ್ ನೋಡಿ, ಔರಾ ಇರುವ ಮೈಗ್ರೇನ್ ಎಂದು ಹೇಳಿದರು. ‘ಪಿತ್ತ’ ಎಂಬ ಮಾತು ಓದಿದ ರಾತ್ರಿಯೇ ಅಮ್ಮನಿಗೆ ಫೋನು ಮಾಡಿದ್ದೆ. ನಾವು ಚಿಕ್ಕವರಿದ್ದಾಗ ಅವಳು ತಿಂಗಳಿಗೊಮ್ಮೆ ಪಿತ್ತವೆಂದು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕಿಟಕಿಯಿಲ್ಲದ ಉಗ್ರಾಣದಲ್ಲಿ ಅಡಿಕೆ ಮೂಟೆಗಳ ಪಕ್ಕ ಮಲಗುತ್ತಿದ್ದಳು. ವಾಂತಿಯಾದ ಮೇಲೆ ಎದ್ದು ಅಡಿಗೆ ಮಾಡುತ್ತಿದ್ದಳು. ಮಲಗುವ ಮೊದಲು ಏನಾದರೂ ಕಾಣುತ್ತಿತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗರಗಸದ ಹಲ್ಲು’ ಎಂದಳು. ನಾನು ಅವಳಿಗೆ ಆ ಮಾತು ಹೇಳಿರಲಿಲ್ಲ.