ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ., ಎಂ.ಎ. ಒಟ್ಟಿಗೇ ಮಾಡಬೇಕಾ? ಓದಿದವರ ಅನುಭವ

ಪ್ರಶ್ನೆ

ಇಂಗ್ಲಿಷ್ ಸಾಹಿತ್ಯವನ್ನೇ ಓದಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಎರಡು ದಾರಿ ಇವೆ. ಒಂದು, ಬಿ.ಎ., ಎಂ.ಎ. ಎರಡನ್ನೂ ಸೇರಿಸಿ ಐದು ವರ್ಷ ಒಂದೇ ಕಡೆ ಓದುವ ಇಂಟಿಗ್ರೇಟೆಡ್ ಕೋರ್ಸ್. ಇನ್ನೊಂದು, ಮೂರು ವರ್ಷ ಬಿ.ಎ. ಮುಗಿಸಿ, ಆಮೇಲೆ ಬೇರೆ ಕಡೆ ಎಂ.ಎ. ಕಥೆ, ಕಾದಂಬರಿ ತುಂಬಾ ಓದುತ್ತೇನೆ, ಅದು ಬಿಟ್ಟರೆ ಏನೂ ಗೊತ್ತಿಲ್ಲ. ಐದು ವರ್ಷ ಒಂದೇ ವಿಷಯ ಅಂದರೆ ಬೇಜಾರಾಗಲ್ವಾ? ಓದಿದವರು ದಯವಿಟ್ಟು ಹೇಳಿ.

ಐದೂ ವರ್ಷ ಒಂದೇ ಕಡೆ ಓದಿದವರು

ಓದುವ ಹುಚ್ಚು ನಿಜವಾಗಿದ್ದರೆ ಇಂಟಿಗ್ರೇಟೆಡ್ ಸೇರಿ. ಯಾಕೆ ಅಂತ ಒಂದು ತರಗತಿಯ ಕಥೆ ಹೇಳುತ್ತೇನೆ.

ಎರಡನೇ ವರ್ಷ ಅದು. ಮೇಷ್ಟ್ರು ಒಬ್ಬೊಬ್ಬರಿಗೂ ಎರಡೆರಡು ಜೆರಾಕ್ಸ್ ಹಾಳೆ ಕೊಟ್ಟರು. ಎರಡರಲ್ಲೂ ಇದ್ದದ್ದು ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದ ಅದೇ ಸ್ವಗತ, ಇರಬೇಕೋ ಇರಬಾರದೋ ಅನ್ನುವುದು. ಒಂದು 1603ರಲ್ಲಿ ಅಚ್ಚಾದ ಮೊದಲ ಕ್ವಾರ್ಟೊದ್ದು (ಚಿಕ್ಕ ಆಕಾರದ ಪುಸ್ತಕ), ಇನ್ನೊಂದು 1623ರ ಫೋಲಿಯೊದ್ದು (ದೊಡ್ಡ ಆಕಾರದ ಪುಸ್ತಕ). ಫೋಲಿಯೊದಲ್ಲಿ ಮೊದಲ ಸಾಲು 'ಕ್ವೆಶ್ಚನ್' ಅನ್ನುವ ಪದಕ್ಕೆ ನಿಲ್ಲುತ್ತದೆ. 1603ರದ್ದರಲ್ಲಿ ಆ ಜಾಗದಲ್ಲಿ 'ಪಾಯಿಂಟ್' ಅಂತಿದೆ. ನಾವೆಲ್ಲ ಅಚ್ಚಿನ ತಪ್ಪು ಅಂದುಕೊಂಡೆವು. ಮೇಷ್ಟ್ರು ಏನೂ ಹೇಳದೆ ಮುಂದಿನ ಸಾಲು ಓದಿಸಿದರು. ಆ ಸಾಲುಗಳೂ ಬೇರೆ. ಸ್ವಗತ ನಾಟಕದಲ್ಲಿ ಬರುವ ಜಾಗವೂ ಬೇರೆ. ಇವೆರಡರ ಮಧ್ಯೆ 1604-05ರಲ್ಲಿ ಬಂದ ಎರಡನೇ ಕ್ವಾರ್ಟೊ ಕೂಡ ಇದೆ. ಮೊದಲ ಕ್ವಾರ್ಟೊ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ, ಅಷ್ಟೆ. ಹಾಗಾದರೆ ನಾವು 'ಹ್ಯಾಮ್ಲೆಟ್' ಅಂತ ಓದುತ್ತಿರುವುದು ಯಾವುದನ್ನ?

ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಮೂರನೇ ವರ್ಷ ಅದರ ಬಗ್ಗೆ ಹತ್ತು ಪುಟ ಬರೆದೆ, ಚೆನ್ನಾಗಿ ಬರಲಿಲ್ಲ. ನಾಲ್ಕನೇ ವರ್ಷ ಹಳೆಯ ಪುಸ್ತಕಗಳು ಹೇಗೆ ಅಚ್ಚಾಗುತ್ತಿದ್ದವು ಅನ್ನುವ ಪೇಪರ್ ತೆಗೆದುಕೊಂಡೆ. ಐದನೇ ವರ್ಷದ ಡಿಸರ್ಟೇಶನ್, ಅಂದರೆ ಒಂದೇ ವಿಷಯ ಹಿಡಿದು ಬರೆಯುವ ದೊಡ್ಡ ಪ್ರಬಂಧ ಕೂಡ ಅದರ ಮೇಲೇ. ನನಗೆ ಗೈಡ್ ಆದವರು ಎರಡನೇ ವರ್ಷದಿಂದ ನನ್ನ ಬರವಣಿಗೆ ನೋಡಿದವರು. ನಾನು ಎಲ್ಲಿ ಜಾರುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಎಂ.ಎ.ಗೆ ಬೇರೆ ಕಡೆ ಹೋಗಿದ್ದರೆ ಮೊದಲ ವರ್ಷವೆಲ್ಲ ಹೊಸಬರಿಗೆ ನನ್ನ ಪರಿಚಯ ಮಾಡಿಕೊಡುವುದರಲ್ಲೇ ಹೋಗುತ್ತಿತ್ತು. ಒಂದು ಪ್ರಶ್ನೆ ನಿಧಾನವಾಗಿ ಬೆಳೆಯುವುದಕ್ಕೆ ಬೇಕಾದ ಸಮಯ ಸಿಗುವುದೇ ಈ ಕೋರ್ಸಿನ ದೊಡ್ಡ ಲಾಭ.

ಬೇಜಾರು ಆಗುತ್ತದೆ, ಅದೂ ನಿಜ. ಸಾಹಿತ್ಯವನ್ನ ಹೇಗೆಲ್ಲ ಓದಬಹುದು ಅನ್ನುವ ಥಿಯರಿ ಪೇಪರ್ ಶುರುವಾದಾಗ ಎಷ್ಟೋ ಜನಕ್ಕೆ 'ಕಥೆ ಓದೋಕೆ ಬಂದಿದ್ದೆ, ಇದೇನಿದು' ಅನ್ನಿಸುತ್ತದೆ. ಒಂದು ಸೆಮಿಸ್ಟರ್ ತಡೆದುಕೊಳ್ಳಿ. ಭಾಷೆ ಅರ್ಥವನ್ನ ಹೇಗೆ ಕಟ್ಟುತ್ತದೆ ಅಂತ ಒಮ್ಮೆ ತಲೆಗೆ ಹೊಕ್ಕರೆ, ಓದಿದ ಕಾದಂಬರಿಯನ್ನೇ ಮತ್ತೆ ಓದುವಾಗ ಹೊಸದು ಕಾಣಿಸುತ್ತದೆ.

ಮೂರನೇ ವರ್ಷಕ್ಕೆ ಹೊರಬಂದವರು

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಬಿ.ಎ. ಆದಮೇಲೆ ಬೇರೆ ಕಡೆ ಅರ್ಜಿ ಹಾಕುವಾಗ 'ಇದು ನನಗೆ ಬೇಕಾ' ಅಂತ ಯೋಚನೆ ಮಾಡಲೇಬೇಕಾಗುತ್ತದೆ. ಇಂಟಿಗ್ರೇಟೆಡ್‌ನಲ್ಲಿ ಯಾರೂ ಹಾಗೆ ನಿಲ್ಲಿಸಿ ಕೇಳಲ್ಲ. ಐದನೇ ಸೆಮಿಸ್ಟರ್ ಮುಗಿಯುತ್ತದೆ, ಆರು ಮುಗಿಯುತ್ತದೆ, ಸುಮ್ನೆ ಏಳನೆಯದಕ್ಕೆ ಹೋಗಿ ಕೂತಿರುತ್ತೀರಿ. ನನ್ನ ಜೊತೆಯವರಲ್ಲಿ ಇಬ್ಬರು ಹಾಗೇ ಮುಂದುವರಿದು ಕೊನೆಗೆ ಡಿಸರ್ಟೇಶನ್ ಹೊತ್ತಿಗೆ ತುಂಬಾ ಒದ್ದಾಡಿದರು.

ನಾನು ಅನುವಾದದ ಕಡೆ ಹೋಗಬೇಕು ಅಂತ ಮೂರನೇ ವರ್ಷದಲ್ಲಿ ತೀರ್ಮಾನ ಮಾಡಿದೆ. ನಾನಿದ್ದ ಕಡೆ ಮೂರು ವರ್ಷಕ್ಕೆ ಬಿ.ಎ. ಪದವಿ ತೆಗೆದುಕೊಂಡು ಹೊರಡಬಹುದಿತ್ತು. ಆದರೆ ಅದನ್ನ ಆರನೇ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಬರೆದುಕೊಡಬೇಕು ಅನ್ನುವ ನಿಯಮ ನಮಗ್ಯಾರಿಗೂ ಹೇಳಿರಲಿಲ್ಲ. ಒಬ್ಬ ಸೀನಿಯರ್ ಅಕ್ಕ ಎಚ್ಚರಿಸದಿದ್ದರೆ ನನ್ನ ಮೂರು ವರ್ಷದ ಓದಿಗೆ ಕೈಯಲ್ಲಿ ಪದವಿ ಇರುತ್ತಿರಲಿಲ್ಲ. ಸೇರುವ ಮುಂಚೆಯೇ ಇವನ್ನ ಕೇಳಿ: ಮಧ್ಯದಲ್ಲಿ ಬಿಟ್ಟರೆ ಬಿ.ಎ. ಕೊಡುತ್ತಾರಾ? ಯಾವಾಗ ತಿಳಿಸಬೇಕು? ಕೊನೆಗೆ ಸಿಗುವುದು ಎರಡು ಪದವಿ ಪತ್ರವಾ, ಒಂದೇನಾ? ಬಾಯಿಮಾತು ಸಾಲದು. ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಎರಡು ಕಡೆ ಓದಿದವರು

ನನ್ನ ದಾರಿ ಬೇರೆ, ಅದಕ್ಕೂ ಲಾಭ ಇದೆ. ಬಿ.ಎ.ಯಲ್ಲಿ ಚಾಸರ್‌ನನ್ನ ಈಗಿನ ಇಂಗ್ಲಿಷಿಗೆ ತಂದ ರೂಪದಲ್ಲಿ ಓದಿದ್ದೆ. 1400ರಲ್ಲಿ ತೀರಿಕೊಂಡ ಕವಿ, ಮೂಲ ನಮಗೆ ಅರ್ಥವಾಗಲ್ಲ ಅಂತ ಅಲ್ಲಿನವರ ಲೆಕ್ಕ. ಎಂ.ಎ.ಗೆ ಬೇರೆ ಕಡೆ ಹೋದಾಗ ಮೊದಲ ದಿನವೇ ಮೂಲವನ್ನ ಗಟ್ಟಿಯಾಗಿ ಓದಿಸಿದರು. 'ಸೀಲಿ' ಅನ್ನುವ ಪದ ಬಂತು. ಈಗಿನ 'ಸಿಲ್ಲಿ' ಹುಟ್ಟಿದ್ದು ಅದರಿಂದಲೇ. ಶುರುವಿನಲ್ಲಿ ಆ ಪದಕ್ಕೆ ಪುಣ್ಯವಂತ ಅನ್ನುವ ಅರ್ಥ. ಆಮೇಲೆ ಮುಗ್ಧ, ಬಡಪಾಯಿ, ಕೊನೆಗೆ ಪೆದ್ದ. ನಾವು 'ಪಾಪ' ಅನ್ನುವ ಒಂದೇ ಪದವನ್ನ ಮಾಡಿದ ತಪ್ಪಿಗೂ ಬಳಸುತ್ತೇವೆ, ಕನಿಕರಕ್ಕೂ ಬಳಸುತ್ತೇವೆ ಅಲ್ವಾ, ಹಾಗೆ. ಅವತ್ತು ಆಕ್ಸ್‌ಫರ್ಡ್ ನಿಘಂಟು ತೆಗೆದು ಕೂತವನು ಸಂಜೆಯವರೆಗೂ ಏಳಲಿಲ್ಲ. ಅದರ ಮೊದಲ ಭಾಗ ಬಂದಿದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದಿದ್ದು 1928ರಲ್ಲಿ. ಒಂದೇ ಕಡೆ ಇದ್ದಿದ್ದರೆ ಚಾಸರ್ ನನಗೆ ದೂರದವನಾಗಿಯೇ ಉಳಿಯುತ್ತಿದ್ದ.

ಪಾಠ ಹೇಳುವವರು

ಹೊರದೇಶದ ಕೋರ್ಸುಗಳನ್ನೂ ನೋಡುತ್ತಿದ್ದರೆ ಹೆಸರು ನೋಡಿ ಮೋಸ ಹೋಗಬೇಡಿ. ಸ್ಕಾಟ್‌ಲೆಂಡಿನ ಎಡಿನ್‌ಬರೋ, ಸೇಂಟ್ ಆಂಡ್ರ್ಯೂಸ್‌ನಂಥ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯಕ್ಕೆ ಸಿಗುವ ಮೊದಲ ಪದವಿಯ ಹೆಸರೇ ಎಂ.ಎ., ನಾಲ್ಕು ವರ್ಷದ್ದು. ಕೇಂಬ್ರಿಡ್ಜ್‌ನಲ್ಲಿ ಬಿ.ಎ. ಆದವರಿಗೆ ಕೆಲವು ವರ್ಷದ ನಂತರ ಬೇರೆ ಪರೀಕ್ಷೆ ಇಲ್ಲದೆ ಎಂ.ಎ. ಸಿಗುತ್ತದೆ. ಇಂಗ್ಲೆಂಡಿನ ಇಂಟಿಗ್ರೇಟೆಡ್ ಮಾಸ್ಟರ್ಸ್‌ನಲ್ಲಿ ಒಟ್ಟು 480 ಕ್ರೆಡಿಟ್ (ಓದಿನ ಕೆಲಸದ ಅಳತೆ), ಅದರಲ್ಲಿ ಕಡೇಪಕ್ಷ 120 ಮಾಸ್ಟರ್ಸ್ ಮಟ್ಟದ್ದು ಇರಬೇಕು. ಯುರೋಪಿನ ಬೇರೆ ದೇಶಗಳಲ್ಲಿ ಪದವಿಗಳನ್ನ ಒಂದೇ ಮಾದರಿಗೆ ತರಲು ಮಾಡಿಕೊಂಡ 1999ರ ಬೊಲೋನಾ ಒಪ್ಪಂದದ ನಂತರ ಕ್ರೆಡಿಟ್ಟಿನ ಅಳತೆ ಬೇರೆ, ಸಾಮಾನ್ಯವಾಗಿ ಮೂರು ವರ್ಷಕ್ಕೆ 180, ಮುಂದಿನ ಎರಡು ವರ್ಷಕ್ಕೆ 120 ಕ್ರೆಡಿಟ್. ಅಲ್ಲಿ ವರ್ಷದ 60 ಕ್ರೆಡಿಟ್ ಅಂದರೆ 1500ರಿಂದ 1800 ಗಂಟೆ ಕೆಲಸ ಅಂತ ಲೆಕ್ಕ. ತರಗತಿ ಅದರಲ್ಲಿ ಸ್ವಲ್ಪವೇ, ಉಳಿದಿದ್ದೆಲ್ಲ ನೀವೇ ಕೂತು ಓದುವುದು, ಬರೆಯುವುದು.

ಓದುವವರು ನನ್ನ ತರಗತಿಯಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಬರೆಯುವಾಗ ಕಷ್ಟಪಡುತ್ತಾರೆ. ಈಗಿನಿಂದಲೇ ವಾರಕ್ಕೊಂದು ಪುಟ ಬರೆಯಿರಿ. ಕಥೆಯ ಸಾರಾಂಶ ಬೇಡ. ಒಂದೇ ಸಾಲು ಹಿಡಿದು, ಅದು ಯಾಕೆ ಹಾಗಿದೆ ಅಂತ ಬರೆಯಿರಿ.

ಇನ್ನೊಂದು ಕೆಲಸ ಮಾಡಿ. ಸೇರಬೇಕು ಅಂದುಕೊಂಡ ಕಡೆಯ ಲೈಬ್ರರಿಗೆ ಹೋಗಿ, ಹಿಂದಿನವರು ಬರೆದ ಎರಡು ಡಿಸರ್ಟೇಶನ್ ತೋರಿಸಿ ಅಂತ ಕೇಳಿ. ಮೊದಲ ಐದು ಪುಟ ಓದಿ. ಕೊನೆಯಲ್ಲಿ ಯಾವ ಯಾವ ಪುಸ್ತಕ ಓದಿದ್ದಾರೆ ಅಂತ ನೋಡಿ. ಎರಡರಲ್ಲೂ ಒಂದೇ ಪಟ್ಟಿ, ಒಂದೇ ಮಾತು ಇದ್ದರೆ ಬೇರೆ ಕಡೆ ಹುಡುಕಿ. 'ನಾನೂ ಇಂಥದ್ದೊಂದು ಬರೆಯಬೇಕು' ಅನ್ನಿಸಿದರೆ ಅವತ್ತೇ ಅರ್ಜಿ ತೆಗೆದುಕೊಂಡು ಬನ್ನಿ.