ಸಹಾಯ ಬೇಕು: 'ಡೀಸೆಂಟ್' ಅಂದ್ರೆ ಹೊಗಳಿಕೆನಾ, ಪರವಾಗಿಲ್ಲ ಅಂತನಾ?

ಎಲ್ಲರಿಗೂ ನಮಸ್ಕಾರ. ನಮ್ಮ ಹೊಸ ಮ್ಯಾನೇಜರ್ ಇಂಗ್ಲೆಂಡಿನ ಲೀಡ್ಸ್ ಕಡೆಯವರು. ನನ್ನ ರಿಪೋರ್ಟ್ ನೋಡಿ 'ಡೀಸೆಂಟ್ ವರ್ಕ್' ಅಂತ ಬರೆದಿದ್ದಾರೆ. ಅಷ್ಟೇ, ಮುಂದೆ ಮಾತಿಲ್ಲ.

ನಮ್ಮಲ್ಲಿ 'ಹುಡುಗ ತುಂಬಾ ಡೀಸೆಂಟ್' ಅಂತ ಹೆಣ್ಣಿನ ಕಡೆಯವರಿಗೆ ಹೇಳ್ತಾರಲ್ಲ, ರಿಪೋರ್ಟಿಗೆ ಆ ಅರ್ಥ ಹೊಂದಲ್ಲ. ಡಿಕ್ಷನರಿಯಲ್ಲಿ 'ಸಭ್ಯ' ಅಂತಲೂ ಇದೆ, 'ತಕ್ಕಮಟ್ಟಿಗೆ ಒಳ್ಳೆಯದು' ಅಂತಲೂ ಇದೆ, ಸರಿಯಾಗಿ ಬಟ್ಟೆ ಹಾಕಿಕೊಂಡಿದ್ದೀರಾ ಅಂತ ಕೇಳೋದಕ್ಕೂ ಇದೇ ಪದವಂತೆ! ಗೂಗಲ್ ಮಾಡಿದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1999ರಲ್ಲಿ ಮುಂದಿಟ್ಟ 'ಡೀಸೆಂಟ್ ವರ್ಕ್' ಬರುತ್ತದೆ, ಅದು ನ್ಯಾಯವಾದ ಸಂಬಳ, ಸುರಕ್ಷಿತ ಕೆಲಸದ ವಿಷಯ, ನನಗೆ ಬೇಕಾದ್ದಲ್ಲ. ಅಮೆರಿಕದಲ್ಲಿರುವ ಗೆಳೆಯ 'ಸುಮಾರಾಗಿದೆ ಅಂತ ಕಣೋ' ಎಂದ. ತಂಗಿ ಮಾತ್ರ, ಬ್ರಿಟಿಷರು ಬಾಯಿಬಿಟ್ಟು ಹೊಗಳೋದೇ ಕಡಿಮೆ, ಅವರ ಲೆಕ್ಕದಲ್ಲಿ ಇದು ಒಳ್ಳೆ ಮಾತೇ ಅಂತಾಳೆ.

ಬೇರೆಯವರ ಕೆಲಸಕ್ಕೆ ಅವರು 'ಪ್ರೆಟಿ ಡೀಸೆಂಟ್' ಅಂತಲೂ ಬರೆದಿದ್ದಾರೆ, ತಲೆ ಇನ್ನೂ ಕೆಟ್ಟಿತು.

ಇಂಗ್ಲೆಂಡಿನಲ್ಲಿ ಕೆಲಸ ಮಾಡಿರೋರು ದಯವಿಟ್ಟು ಹೇಳಿ: ಆಫೀಸಿನಲ್ಲಿ 'ಡೀಸೆಂಟ್' ಅಂದ್ರೆ 'ಗುಡ್'ಗಿಂತ ಮೇಲಾ, ಕೆಳಗಾ? 'ಪ್ರೆಟಿ' ಸೇರಿಸಿದರೆ ತೂಕ ಜಾಸ್ತಿ ಆಗುತ್ತದಾ?